ತಿರುಗಿಸಿಟ್ಟ ಹಲಗೆ

ಮಾರ್ಚ್ 3, ಮಂಗಳವಾರ

ಆಸ್ಪತ್ರೆ. ಪ್ರತಿ ಮಂಗಳವಾರ, ಶುಕ್ರವಾರ ಇದೇ. ಇವಳ ಡ್ರಿಪ್ ಮುಗಿಯಲು ಎಂದಿನಂತೆ ಅರ್ಧ ದಿನ. ಹೊರಗಿನ ಬೆಂಚಿನಲ್ಲಿ ಕೂತು ಎದುರಿನ ಬೋರ್ಡಿನ ಅಕ್ಷರಗಳನ್ನು ಬೈದುಕೊಂಡೆ. ‘ರಕ್ತ’ದ ಒತ್ತು ಅಂಚಿಗೆ ತಾಗಿ ಉಸಿರುಗಟ್ಟಿ ಕೂತಿದೆ. ಬೋರ್ಡ್ ಬರೆದು ಬದುಕಿದವನ ಹಾಳು ಚಟ.

ಕಾರಿನಲ್ಲಿ ಬರುವಾಗ ಇವಳು ಸೀಟು ಹಿಂದಕ್ಕೆ ಮಲಗಿಸಿ ಬಾಗಿಲಿಗೆ ಒರಗಿದ್ದಳು. ಗುಂಡಿ ಬಂದಾಗಲೆಲ್ಲ ಬಾಗಿಲ ಒಳಗಿನ ಗಟ್ಟಿ ಪ್ಲಾಸ್ಟಿಕ್ ತೋಳಿಗೆ ಬಡಿಯುತ್ತದೆ. ಮನೆಗೆ ಬಂದು ನೋಡಿದರೆ ಮೊಣಕೈಯಿಂದ ಭುಜದವರೆಗೆ ನೀಲಿ. ಈಗೀಗ ಮುಟ್ಟಿದರೂ ನೀಲಿಗಟ್ಟುವ ಮೈ.

“ದಿಂಬು ಇಟ್ಕೋ ಅಂದ್ರೆ ಕೇಳಲ್ಲ ನೀನು.”

“ಜಾರತ್ತೆ ರೀ. ಅದನ್ನ ಹಿಡ್ಕೊಳ್ಳೋಕೆ ಇನ್ನೊಂದು ಕೈ ಬೇಕು.”

ಬಾಗಿಲಿಗೇ ದಿಂಬು ಹೊಲಿದುಬಿಟ್ಟರೆ?

ಮಾರ್ಚ್ 5

ಎಡಗಡೆ ಬಾಗಿಲ ಪ್ಲಾಸ್ಟಿಕ್ ಬಿಚ್ಚಿದೆ. ಕ್ಲಿಪ್ಪುಗಳೆಲ್ಲ ಪಟಪಟ ಮುರಿದವು. ಒಳಗೆ ಬರೀ ತಗಡು, ವೈರು, ಯಾವ ಕಾಲದ್ದೋ ಒಂದು ಬಾಚಣಿಗೆ. ನಾನೇ ಕಳೆದೆ ಎಂದು ಆಗ ಬೈಸಿಕೊಂಡಿದ್ದು.

ಕುಶನ್ ಅಂಗಡಿಯವನು ದಾರಿ ಹೇಳಿದ. ತೆಳು ಪ್ಲೈವುಡ್ಡನ್ನು ಅದೇ ಆಕಾರಕ್ಕೆ ಕತ್ತರಿಸಬೇಕು. ಮೇಲೆ ಸ್ಪಂಜು, ಅದರ ಮೇಲೆ ಬಟ್ಟೆ. ಮೊಣಕೈ ಕೂರುವಲ್ಲಿ ಇಮ್ಮಡಿ ಸ್ಪಂಜು.

“ಬಿಟ್ಟು ಹೋಗಿ ಸಾರ್, ನಾನೇ ಮಾಡ್ಕೊಡ್ತೀನಿ. ಕೆಲಸ ತುಂಬಾ ಇದೆ, ಒಂದು ತಿಂಗಳಾಗತ್ತೆ ಅಷ್ಟೇ.”

ತಿಂಗಳು ಕಾಯುವ ಹಾಗಿಲ್ಲ. ಯಾಕೆಂದು ಅವನಿಗೆ ಹೇಳಲಿಲ್ಲ. ಇಲ್ಲೂ ಬರೆಯುವುದಿಲ್ಲ.

ಮಾರ್ಚ್ 8, ಭಾನುವಾರ

ಬಟ್ಟೆಯ ತುಂಡುಗಳನ್ನು ಹಾಸಿಗೆಯ ಮೇಲೆ ಹರಡಿದೆ. ರೆಕ್ಸಿನ್ ಅವಳು ಕೈಯಲ್ಲೂ ಮುಟ್ಟಲಿಲ್ಲ. ಊರಿನವರ ರವಿಕೆಯನ್ನೆಲ್ಲ ಹೊಲಿದವಳು, ಬಟ್ಟೆಯ ವಿಷಯದಲ್ಲಿ ನನ್ನ ಮಾತು ಯಾವತ್ತು ನಡೆದಿದೆ? ಬದನೆಕಾಯಿ ಬಣ್ಣದ ದಪ್ಪ ಹತ್ತಿ ಬಟ್ಟೆ ಆರಿಸಿದಳು.

“ಕಾರಾ, ತರಕಾರಿ ಗಾಡಿನಾ?”

“ನೀವು ರೋಡ್ ನೋಡ್ಕೊಂಡು ಓಡಿಸಿ. ಬಾಗಿಲು ನೋಡೋಳು ನಾನು.”

ಅಂಚಿಗೆ ಪೈಪಿಂಗ್ ಇಲ್ಲದಿದ್ದರೆ ದರಿದ್ರವಾಗಿ ಕಾಣುತ್ತದಂತೆ. ಮಷಿನ್ ತುಳಿಯಲು ಆಗುವುದಿಲ್ಲ, ದಾರದ ಹುರಿಗೆ ಬಟ್ಟೆ ಸುತ್ತಿ ಸೂಜಿಯಲ್ಲೇ ಹೊಲಿಯುತ್ತಿದ್ದಾಳೆ. ಗೇಣುದ್ದ ಹೊಲಿದು ಕಣ್ಣು ಮುಚ್ಚುತ್ತಾಳೆ. ಮತ್ತೆ ಗೇಣುದ್ದ. ಎರಡೂ ಬಾಗಿಲಿಗಾಗುವಷ್ಟು ಬೇಕಂತೆ, ಒಂದು ಕಣ್ಣಿಗೆ ಕಾಡಿಗೆ ಹಚ್ಚಿ ಬಿಡುತ್ತಾರಾ ಅಂದಳು.

ಮಾರ್ಚ್ 12

ಹಳೇ ಪ್ಲಾಸ್ಟಿಕ್ಕನ್ನು ಪ್ಲೈವುಡ್ ಮೇಲೆ ಬೋರಲು ಹಾಕಿ ಗೆರೆ ಎಳೆದು ಕೊಯ್ದೆ. ಅಂಚು ಉಜ್ಜಿದೆ. ಹಾಲ್‌ನ ಗೋಡೆಗೆ ಒರಗಿಸಿಟ್ಟೆ. ಎರಡೂ ಮುಖ ಒಂದೇ ಥರ, ಬೋಳು ಬೋಳು.

ಒಳಕೋಣೆಯಿಂದ ದನಿ: “ಬೋರಲು ಹಾಕಿದೀರಿ. ಸ್ಪಂಜು ಅಂಟಿಸೋವಾಗ ಹಲಗೆ ತಿರುಗಿಸ್ಕೊಳ್ಳಿ, ಇಲ್ಲಾಂದ್ರೆ ಎಡದ್ದು ಬಲಕ್ಕಾಗತ್ತೆ. ಮರೀಬೇಡಿ.”

“ಅಂಗಡಿ ಗಾಜಿನ ಮೇಲೆ ಉಲ್ಟಾ ಅಕ್ಷರ ಬರೆದೋನಿಗೆ ಹೇಳ್ಕೊಡ್ತೀಯಾ?”

“ಕನ್ನಡಕ ಹಣೆ ಮೇಲಿಟ್ಕೊಂಡು ಮನೆಯೆಲ್ಲಾ ಹುಡುಕೋರಿಗೆ ಹೇಳ್ತಿದೀನಿ.”

ಮಾರ್ಚ್ 14, ಶನಿವಾರ

ಬೆಳಿಗ್ಗೆ ಹೋಗಿ ಗಮ್ ತಂದೆ. ನೆನಪಿಟ್ಟು ಹಲಗೆ ತಿರುಗಿಸಿದೆ. ಹಲಗೆಗೂ ಸ್ಪಂಜಿಗೂ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗಿಸಿ ಜೋಡಿಸಬೇಕು. ಒಮ್ಮೆ ಕೂತರೆ ಕೂತಿತು. ಕೀಳಲು ಹೋದರೆ ಸ್ಪಂಜೇ ಹರಿಯುತ್ತದೆ. ಬಟ್ಟೆ ಎಳೆದು ಹಿಂದೆ ಪಿನ್ನು ಹೊಡೆದೆ. ಸುತ್ತ ಅವಳ ಪೈಪಿಂಗ್. ನಿಜ ಹೇಳಬೇಕೆಂದರೆ, ಚೆನ್ನಾಗಿಯೇ ಬಂತು.

ಸಂಜೆ ಕೂರಿಸಲು ಹೋದರೆ ಕೂರುವುದಿಲ್ಲ. ಹಿಡಿಯ ತೂತು ಎತ್ತಲೋ, ಇಳಿಜಾರು ಎತ್ತಲೋ. ಆ ಕಡೆ ಹೋಗಿ ನನ್ನ ಬಾಗಿಲ ಪ್ಲಾಸ್ಟಿಕ್ಕನ್ನೂ ಬಿಚ್ಚಿ ಅಲ್ಲಿಗೆ ಹಿಡಿದೆ. ಅಚ್ಚು ಹೊಯ್ದ ಹಾಗೆ ಕೂತಿತು.

ಒಳಗೆ ಹೋಗಿ ಹೇಳಿದೆ.

“ನೀವು ಗಮ್ ತರೋಕೆ ಹೋದಾಗ... ನಾನೇ ಎದ್ದು ಹೋಗಿ ತಿರುಗಿಸಿಟ್ಟೆ ರೀ. ಮರೀತೀರಾ ಅಂತ.”

ಬಾತ್‌ರೂಮಿಗೆ ಹೋಗಲು ನನ್ನ ಹೆಗಲು ಬೇಕು. ಗೋಡೆ ಹಿಡಿದು ಹಾಲ್‌ವರೆಗೆ ಬಂದು, ಬಾಗಿಲಗಲದ ಹಲಗೆ ತಿರುಗಿಸಿ, ವಾಪಸ್ ಹೋಗಿ ಏನೂ ಆಗದವಳ ಹಾಗೆ ಮಲಗಿದ್ದಾಳೆ. ಅವಳೊಮ್ಮೆ ತಿರುಗಿಸಿದಳು, ನಾನೊಮ್ಮೆ ತಿರುಗಿಸಿದೆ.

“ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ್ವಲ್ರೀ” ಎಂದು ನಗತೊಡಗಿದಳು. ಕೆಮ್ಮು ಬರುವವರೆಗೂ ನಕ್ಕಳು. ನಾನೂ ನಕ್ಕೆ. ಆಮೇಲೆ ಹೋಗಿ ನಲ್ಲಿ ತಿರುಗಿಸಿಟ್ಟು ಅತ್ತೆ.

ಮಾರ್ಚ್ 17, ಮಂಗಳವಾರ

ಮಾಡಿದ್ದನ್ನು ನನ್ನ ಬಾಗಿಲಿಗೇ ಕೂರಿಸಿದ್ದಾಯಿತು, ಎಡಬಾಗಿಲು ಇನ್ನೂ ಬರೀ ತಗಡು. ರಗ್ಗು ಮಡಿಸಿ ಕಟ್ಟಿ ಕರೆದುಕೊಂಡು ಹೋದೆ. ಡ್ರಿಪ್ ಹಾಕಲಿಲ್ಲ. ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತರು. ಆಗಲೇ ಗೊತ್ತಾಯಿತು.

“ಇನ್ಮೇಲೆ ಇಷ್ಟು ದೂರ ಬಂದು ಸುಸ್ತಾಗೋದು ಬೇಡಮ್ಮಾ. ನೋವಿಗೆ ಔಷಧಿ ಕೊಡ್ತೀನಿ. ಮನೇಲೇ ಆರಾಮಾಗಿರಿ.”

ಅವಳು ಕೈ ಮುಗಿದಳು. ನಾನು ದಡ್ಡನ ಹಾಗೆ, “ಹಾಗಾದ್ರೆ ಶುಕ್ರವಾರ ಎಷ್ಟು ಗಂಟೆಗೆ ಬರೋದು?” ಎಂದೆ. ಡಾಕ್ಟರಮ್ಮ ಔಷಧಿ ಚೀಟಿ ಬರೆಯತೊಡಗಿದರು.

ದಾರಿಯಲ್ಲಿ ಸಿಗ್ನಲ್ ಹತ್ತಿರ ಹೇಳಿದಳು: “ಎಡಗಡೆ ಬಾಗಿಲಿಗೆ ಇನ್ನು ಅರ್ಜೆಂಟಿಲ್ಲ ಬಿಡಿ.”

ಹಸಿರು ಬಿದ್ದರೂ ಗಾಡಿ ಎತ್ತಲಾಗಲಿಲ್ಲ. ಹಿಂದಿನವರ ಹಾರನ್ನು.

ಮಾರ್ಚ್ 20, ಶುಕ್ರವಾರ

ಅಭ್ಯಾಸಬಲ. ಬೆಳಿಗ್ಗೆಯೇ ಇಬ್ಬರೂ ತಯಾರು. ಹೋಗುವುದೆಲ್ಲಿಗೆ?

“ಕಾರಲ್ಲಿ ಸ್ವಲ್ಪ ಕೂರಿಸ್ತೀರಾ?”

ಎತ್ತಿಕೊಂಡು ಹೋದೆ. ಭಾರವೇ ಇಲ್ಲ. ಎಡಕ್ಕೆ ತಿರುಗಿದೆ.

“ಆ ಕಡೆ ಅಲ್ಲ ರೀ. ಮೆತ್ತಗಿರೋ ಕಡೆ.”

ಸ್ಟೇರಿಂಗ್ ಮುಂದೆ ಕೂರಿಸಿ ನಾನು ಅವಳ ಜಾಗದಲ್ಲಿ ಕೂತೆ. ಮೊದಲು ಹೊಲಿಗೆ ಪರೀಕ್ಷೆ. ಹೆಬ್ಬೆರಳಿನಿಂದ ಪೈಪಿಂಗನ್ನು ಉದ್ದಕ್ಕೂ ಸವರಿ, ಮೂಲೆಯಲ್ಲಿ ಬಟ್ಟೆ ನೆರಿಗೆ ಬಿದ್ದಲ್ಲಿ ನಿಂತು ನನ್ನ ಮುಖ ನೋಡಿದಳು. ಮೊಣಕೈ ಊರಿ ಒರಗಿದಳು.

“ಎಲ್ಲಿಗೆ ಕರ್ಕೊಂಡು ಹೋಗ್ತಿದೀಯಾ?”

“ಸುಮ್ನೆ ಕೂತ್ಕೊಳ್ಳಿ. ಇಷ್ಟು ದಿನ ನಾನು ಕೂತಿರ್ಲಿಲ್ವಾ?”

ಕೀ ಹಾಕಿರಲಿಲ್ಲ. ಒಮ್ಮೆ ಹಾರನ್ ಒತ್ತಿದಳು. ಎದುರುಮನೆಯವರು ಕಿಟಕಿಯಿಂದ ಇಣುಕಿದರು. ಖುಷಿಯಾಯಿತು ಅವಳಿಗೆ. ನನ್ನ ತೋಳು ತಗಡಿಗೆ ತಾಗಿ ತಣ್ಣಗಾಗಿತ್ತು. ಈ ಮೂಲೆಯಲ್ಲಿ ಇಷ್ಟು ಕಾಲ ಹೇಗೆ ಕೂತಳೋ. ಯಾಕೆ ಮೊದಲೇ ಹೊಳೆಯಲಿಲ್ಲ ನನಗೆ.

“ನೋಯ್ತಿದ್ಯಾ?”

“ಇಲ್ಲ. ಇಲ್ಲಿ ನೋಯಲ್ಲ.”

ಇಳಿಸುವಾಗ ಕಿವಿಯ ಹತ್ತಿರ ಹೇಳಿದಳು: “ಆ ಕಡೇದೂ ಮಾಡ್ಬಿಡಿ. ನನ್ನ ಪೈಪಿಂಗ್ ವೇಸ್ಟ್ ಮಾಡ್ಬೇಡಿ.”

ಮಾರ್ಚ್ 25

ನೀರು, ಎರಡು ಚಮಚ. ನನ್ನನ್ನು ನೋಡಿದಳು ಅನಿಸಿತು.

ಏಪ್ರಿಲ್ 26, ಭಾನುವಾರ

ಅವಳ ತಿಥಿಗೆ ಬಂದವರೆಲ್ಲ ಹೋಗಿ ಎಷ್ಟೋ ದಿನವಾಯಿತು. ಔಷಧಿ ಶೀಶೆಗಳನ್ನು ಇನ್ನೂ ಬಿಸಾಕಿಲ್ಲ.

ಕಾರು ಓಡಿಸುವಾಗ ಬಲಮೊಣಕೈ ತೊಡೆಯ ಮೇಲೇ ಇಟ್ಟುಕೊಳ್ಳುತ್ತೇನೆ. ಬಾಗಿಲ ಸ್ಪಂಜು ಅವಳು ಊರಿದಲ್ಲಿ ಒಂಚೂರು ತಗ್ಗಿದೆ. ಇಲ್ಲ ಅಂದ ಕುಶನ್ ಅಂಗಡಿಯವನು. ಅವನಿಗೇನು ಗೊತ್ತು.

ಅವಳು ಹೊಲಿದಿಟ್ಟ ಪೈಪಿಂಗ್ ಸುರುಳಿ ಇವತ್ತು ತೆಗೆದೆ. ಉಳಿದ ಪ್ಲೈವುಡ್ಡಿನ ಮೇಲೆ ಎಡಬಾಗಿಲ ಪ್ಲಾಸ್ಟಿಕ್ ಬೋರಲು ಹಾಕಿ ಗೆರೆ ಎಳೆದೆ. ಕೊಯ್ದೆ, ಉಜ್ಜಿದೆ. ಹಾಲ್‌ನ ಗೋಡೆಗೆ ಒರಗಿಸಿಟ್ಟೆ. ಹಳೇ ಗಮ್ ಡಬ್ಬಿಯಲ್ಲೇ ಗಟ್ಟಿಯಾಗಿತ್ತು. ಅಂಗಡಿಗೆ ಹೋಗಿ ಬಂದೆ.

ಬಾಗಿಲು ತೆಗೆದವನು ಮೊದಲು ನೋಡಿದ್ದು ಹಲಗೆಯನ್ನೇ. ಹೋಗುವ ಮುಂಚೆ ಮೂಲೆಯಲ್ಲಿ ಸಣ್ಣ ಪೆನ್ಸಿಲ್ ಚುಕ್ಕೆ ಇಟ್ಟು ಹೋಗಿದ್ದೆ. ಯಾಕೆ ಇಟ್ಟೆನೋ. ಚುಕ್ಕೆ ನನ್ನ ಕಡೆಗೇ ಇತ್ತು. ನಾನು ಒರಗಿಸಿದ ಹಾಗೇ ಇತ್ತು ಹಲಗೆ.

ಈಗ ನಾನೇ ತಿರುಗಿಸಬೇಕು. ಒಂದೇ ಸಲ. ಕೈ ಹಾಕಿದೆ, ತಿರುಗಿಸಿದೆ. ಚುಕ್ಕೆ ಗೋಡೆಯ ಕಡೆಗೆ ಹೋಯಿತು.