ನನ್ನ ತಲೆಯಲ್ಲಿ ಹಿಡಿಸದಷ್ಟು ಮಂದಿ

ಅಣ್ಣಾ,

ನಿನ್ನ ತಮ್ಮ ಬರೆಯುತ್ತಿದ್ದೇನೆ. ಊರ ಸಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವನ ಅಕ್ಷರ ಹೇಗಿರಬೇಕೋ ಹಾಗಿದೆ, ಸಾವಕಾಶ ಓದು. ಔರಾದ ತಾಲೂಕಿನಲ್ಲಿ ನನ್ನಷ್ಟು ಜೋರಾಗಿ ಪ್ರಾರ್ಥನೆ ಮಾಡುವವನು ಇನ್ನೂ ಹುಟ್ಟಿಲ್ಲ, ಬಾಯಿಂದಲೇ ಹೇಳಿದ್ದರೂ ನಿನಗೆ ಕೇಳಿಸುತ್ತಿತ್ತು. ಆದರೆ ಇದು ಜೋರಾಗಿ ಹೇಳುವಂಥ ಮಾತಲ್ಲ.

ಆ ಭಾನುವಾರ ನೆನಪಿದೆಯೇ? ಆರಾಧನೆಯ ಕೊನೆಗೆ ನೀನು ಎಂದಿನಂತೆ ಕಣ್ಣು ಮುಚ್ಚಿ, ಕೈಯಲ್ಲಿ ಚೀಟಿ ಇಲ್ಲದೆ, ಕೂತವರೆಲ್ಲರ ಹೆಸರು ಹಿಡಿದು ಪ್ರಾರ್ಥಿಸುತ್ತಿದ್ದೆ. ಯಾರ ಎಮ್ಮೆ ಇನ್ನೂ ಈದಿಲ್ಲ, ಯಾರ ಮಗಳಿಗೆ ವರ ಸಿಕ್ಕಿಲ್ಲ, ಎಲ್ಲ ದೇವರಿಗೆ ವರದಿ. ಒಬ್ಬ ಹೆಂಗಸಿನ ಹತ್ತಿರ ಬಂದು ನಿಂತುಬಿಟ್ಟೆ. ಕಣ್ಣು ತೆರೆದು ಕೇಳಿದೆ, "ನಿನ್ನ ಹೆಸರೇನವ್ವಾ?"

"ಸರೋಜಮ್ಮ ಅಂತಾರ್ರಿ. ಬರ್ಲಾಕತ್ತಿ ಆರ್ ತಿಂಗಳಾತ್ರಿ."

ಮುಂದಿನ ತಿಂಗಳೇ ನೀನು ಭಾಲ್ಕಿ ಕಡೆಯ ಕುಟುಂಬಗಳನ್ನೆಲ್ಲ ಬೇರೆ ಮಾಡಿ, ಅಲ್ಲಿಯೇ ಒಂದು ಸಭೆ ಹಾಕಿಕೊಳ್ಳಿ ಎಂದು ಕಳಿಸಿಬಿಟ್ಟೆ. ನಾನು ಜಗಳ ತೆಗೆದೆ. "ಪರಲೋಕದಾಗ ಜಾಗಾ ಕಮ್ಮಿ ಅದ ಏನು?" ಎಂದೆ. ನೀನು ನಕ್ಕು, "ಪರಲೋಕದಾಗ ಬೇಕಾದಷ್ಟದ. ನನ್ನ ತಲಿಯಾಗ ಇಲ್ಲ" ಎಂದೆ. ಚರ್ಚು ಎಷ್ಟು ದೊಡ್ಡದಾಗಬೇಕು ಎನ್ನುವುದಕ್ಕೆ ನಿನ್ನ ಹತ್ತಿರ ಇದ್ದ ಅಳತೆ ಅಷ್ಟೇ, ನಿನ್ನ ತಲೆ.

ಅವರನ್ನು ಬೀಳ್ಕೊಟ್ಟ ದಿನ ನಾನು ಊಟ ಮಾಡಲಿಲ್ಲ. ಹೊಟ್ಟೆನೋವು ಎಂದು ಸುಳ್ಳು ಹೇಳಿದ್ದೆ. ನೀನು ತಬಲಾ ಬಾರಿಸುವ ಮನೋಹರನನ್ನೇ ಅವರಿಗೆ ಪಾಸ್ಟರ್ ಮಾಡಿದೆ, ಹಾರ್ಮೋನಿಯಂ ಅವರ ತಲೆಯ ಮೇಲೆ ಹೊರಿಸಿದೆ, ಚಂದ ಹಾಡುವವರನ್ನೆಲ್ಲ ಕೊಟ್ಟುಬಿಟ್ಟೆ. ನಮಗೆ ಉಳಿದವರು ಕೆಮ್ಮುವವರು. ಆ ಮನೋಹರನಿಗೆ ತಾಳ ಹಾಕಲು ಕಲಿಸಿದ್ದು ಯಾರು? ನಾನು. ನನ್ನನ್ನು ಯಾಕೆ ಕಳಿಸಲಿಲ್ಲ, ಅಣ್ಣಾ? ಇವತ್ತಿಗೂ ಕೇಳಬೇಕೆಂದು...

ಇರಲಿ. ನೀನು ತೀರಿಕೊಂಡ ಮೇಲೆ, ಹೋದ ವರ್ಷ ಕ್ರಿಸ್‌ಮಸ್ ಮುಂದಿನ ಭಾನುವಾರ ಯಾರಿಗೂ ಹೇಳದೆ ಭಾಲ್ಕಿಗೆ ಹೋಗಿದ್ದೆ. ಏನು ಮಂದಿ! ತಗಡಿನ ದೊಡ್ಡ ಶೆಡ್ಡು, ಗೋಡೆಗೆ ಪರದೆ, ಪರದೆಯ ಮೇಲೆ ಹಾಡಿನ ಸಾಲು. ಬಿಳಿ ಅಂಗಿಯ ಒಬ್ಬಾತ ಬಾಗಿಲಲ್ಲೇ ಹಿಡಿದ. "ಕಾಕಾ, ಹೊಸಬರೇನ್ರಿ? ಇದರಾಗ ಹೆಸರು ಬರೀರಿ." ನನಗೆ ಮೈಯೆಲ್ಲ ಉರಿಯಿತು. ನಮ್ಮ ಮನೆಯ ಹಿಟ್ಟಿನಿಂದ ಆದ ರೊಟ್ಟಿಗೆ ನಾನು ಹೊಸಬನೇ? ಪೆನ್ನು ತೆಗೆದು ನಿನ್ನ ಹೆಸರು ಬರೆದೆ: ಯೋಹಾನ, ಔರಾದ, ಮೊದಲ ಸಲ.

ಸ್ವಲ್ಪ ಹೊತ್ತಿಗೆ ಆತ ಮೈಕಿನಲ್ಲಿ ಓದಿದ. "ಔರಾದದಿಂದ ಯೋಹಾನ ಅನ್ನೋರು ಮೊದಲ ಸಲ ಬಂದಾರ, ಎಲ್ಲಾರೂ ಚಪ್ಪಾಳಿ ತಟ್ರಿ." ಇಡೀ ಶೆಡ್ಡು ಚಪ್ಪಾಳೆ ತಟ್ಟಿತು, ಅಣ್ಣಾ. ಮುಂದಿನ ಸಾಲಿನಲ್ಲಿದ್ದ ಮನೋಹರ ಒಬ್ಬನೇ ತಿರುಗಿ ನೋಡಿದ. ಅವನ ಮುಖ ಸುಣ್ಣ ಬಳಿದಂತಾಗಿತ್ತು. ನಾನು ಬಸ್ಸಿನಲ್ಲಿ ಔರಾದದವರೆಗೂ ನಗುತ್ತ ಬಂದೆ.

ನಕ್ಕು ಸುಮ್ಮನಿರಬೇಕಿತ್ತು. ನಾನು ಸುಮ್ಮನಿರುವ ಪೈಕಿಯೇ? ನೀನು ಹೋದ ಮೇಲೆ ಬೇರೆ ಪಾಸ್ಟರ್ ತಿಂಗಳಿಗೊಮ್ಮೆ ಬಂದು ಹೋಗುತ್ತಾರೆ, ಉಳಿದ ಭಾನುವಾರಗಳ ದರ್ಬಾರು ನನ್ನದೇ. ದೊಡ್ಡ ಸ್ಪೀಕರ್ ತಂದೆ. ಹಳ್ಳಿಹಳ್ಳಿಗೆ ಜೀಪು ಕಳಿಸಿದೆ. ಊರು ಬಿಟ್ಟು ಬೀದರದಲ್ಲಿ ನೆಲೆಸಿದ ನಮ್ಮವರಿಗೆಲ್ಲ ಫೋನು ಹಚ್ಚಿ, ಭಾನುವಾರ ಬೆಳಗಿನ ಬಸ್ಸಿಗೆ ಬಂದರೆ ಮಾತ್ರ ನೀವು ಔರಾದದವರು ಎಂದೆ. ಆರಾಧನೆ ನಡೆಯುವಾಗ ನಾನು ಬಾಗಿಲ ಹತ್ತಿರ ಹೋಗಿ ಚಪ್ಪಲಿ ಎಣಿಸುತ್ತಿದ್ದೆ. ಭಾಲ್ಕಿಯಲ್ಲಿ ಎಷ್ಟು ಜೋಡಿ ಇರಬಹುದು ಎಂಬುದೇ ಧ್ಯಾನ. ಹೆಸರಿನ ಪ್ರಾರ್ಥನೆ? "ಇಲ್ಲಿ ಕೂಡಿದ ಸಕಲರನ್ನೂ ಆಶೀರ್ವದಿಸು" ಎಂದರೆ ಮುಗಿಯಿತು.

ಬೀದರದಲ್ಲಿ ಸಾಲೆ ಕಲಿಸುವ ನಿನ್ನ ಮಗಳು ಸುನೀತಾ ಒಂದು ದಿನ ಕೇಳಿಯೇಬಿಟ್ಟಳು. "ಕಾಕಾ, ಬೀದರದವ್ರು ಇಷ್ಟ ಮಂದಿ ಆಗೀವಿ. ಅಲ್ಲೇ ಒಂದು ಕೋಣಿ ಹಿಡದು ಕೂಡ್ತೀವಿ. ಅಪ್ಪಾ ಇದ್ದಿದ್ರ ಇಷ್ಟೊತ್ತಿಗಿ ಬ್ಯಾರಿ ಮಾಡ್ತಿದ್ದ."

"ನಿಮ್ಮಪ್ಪ ಭೋಳೇ ಮನುಷ್ಯಾ" ಎಂದು ಬೈದು ಕಳಿಸಿದೆ. ಈಗ ನಮ್ಮಲ್ಲಿ ಹಾಡುವವರೆಲ್ಲ ಬೀದರದವರೇ, ಅವಳು ಹೋದರೆ ಹಾಡು ಹೋಯಿತು, ಅರ್ಧ ಚಪ್ಪಲಿ ಹೋದವು. ಭಾಲ್ಕಿಯವರು ನಗುವುದಿಲ್ಲವೇ?

ಮುಂದಿನದನ್ನು ಹೇಗೆ ಬರೆಯಲಿ? ಒಂದು ಸೋಮವಾರ ಒಬ್ಬ ಮನುಷ್ಯ ಅಂಗಳಕ್ಕೆ ಬಂದು ನಿಂತ. ನಾನು ಚಹಾ ಕುಡಿಯುತ್ತ, "ಯಾರ್ರಿ? ಯಾವೂರವ್ರು?" ಎಂದೆ.

"ಸಂಜೀವರಿ ಕಾಕಾ. ನಿಮ್ಮ ಚರ್ಚಿನವ್ನೇ ಇದ್ದೀನ್ರಿ. ಶುಕ್ರವಾರ ಹೆಣ್ತಿ ತೀರ್ಕೊಂಡ್ಳ್ರಿ. ಮಣ್ಣ ಆತು. ನಿಮಗೊಂದ್ ಮಾತು ಹೇಳಿ ಹೋಗಮಂತ ಬಂದ್ಯಾ."

"ಬ್ಯಾನಿ ಅದ ಅಂತ ನನಗ ಹೇಳ್ಬಾರ್ದೇನೋ?"

"ಎರಡ್ ವಾರ ಹೇಳೀನ್ರಿ. ನೀವು ಹೂಂ ಅಂದ್ರಿ. ಮೈಕ್ ಸುಧಾರಸ್ಲಾಕತ್ತಿದ್ರಿ."

ಮಣ್ಣಿಗೆ ಯಾರು ಬಂದಿದ್ದರು ಎಂದು ಕೇಳಿದೆ. "ಭಾಲ್ಕಿ ಮನೋಹರ ಪಾಸ್ಟರ್ ಬಂದಿದ್ರರಿ. ಹೆಣ್ತಿ ತವರಮನಿ ಅಲ್ಲೇ ಅಲ್ರಿ. ಆಕಿ ಹೆಸರು, ಅವರವ್ವನ ಹೆಸರು, ಎಲ್ಲಾ ಹಿಡದು ಪ್ರಾರ್ಥನಿ ಮಾಡಿದ್ರು."

ನಿನ್ನ ಮುಂದೆ ಸುಳ್ಳೇಕೆ? ನನಗೆ ಮೊದಲು ಬಂದದ್ದು ದುಃಖವಲ್ಲ. ಆ ಮನೋಹರ ನನ್ನ ಸಭೆಯ ಹೆಣ್ಣುಮಗಳನ್ನು ಮಣ್ಣು ಮಾಡಿದನೇ ಎಂಬ ಹೊಟ್ಟೆಕಿಚ್ಚು. ಸಂಜೀವ ಹೋಗಿ ಬಹಳ ಹೊತ್ತಾದ ಮೇಲೆ ನೆನಪಾಯಿತು, ಅವನಿಗೆ ಕೂಡು ಎನ್ನಲಿಲ್ಲ, ಒಂದು ಕಪ್ಪು ಚಹಾ ಕೊಡಲಿಲ್ಲ.

ಮರುದಿನ ಜಗಳಕ್ಕೆಂದೇ ಭಾಲ್ಕಿಗೆ ಹೋದೆ. ಅಷ್ಟು ಮಂದಿಯಲ್ಲಿ ಒಬ್ಬಳ ತಾಯಿಯ ಹೆಸರು ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ. ಮನೋಹರ ನನ್ನ ಕೈ ಹಿಡಿದುಕೊಂಡ. "ಕಾಕಾ, ನೀವು ಚೀಟಿಯಾಗ ನಮ್ಮ ಗುರುಗಳ ಹೆಸರು ಬರದು ಹ್ವಾದ್ರಿ. ಮೂರು ದಿನ ನನಗ ಅನ್ನ ಇಳೀಲಿಲ್ಲ. ಆಮ್ಯಾಲ ಓಣಿಗೊಂದು ಸಭಿ ಮಾಡೀನಿ. ಶೆಡ್ಡಿನಾಗ ತಿಂಗಳಿಗೊಮ್ಮಿ ಅಷ್ಟೇ ಕೂಡ್ತೀವಿ. ಆಕಿ ತವರಮನಿ ಓಣಿಯವ್ರೇ ನನಗ ಫೋನ್ ಮಾಡಿದ್ರು."

ನೋಡಿದೆಯಾ? ನನ್ನ ಕಿತಾಪತಿಯಿಂದ ಅವನಿಗೆ ಬುದ್ಧಿ ಬಂತು. ನಾನು ಅವನು ಬಿಟ್ಟ ಜಾಗದಲ್ಲಿ ಹೋಗಿ ಬಿದ್ದೆ. ಅದಕ್ಕೂ ಅವನ ಮೇಲೆ ಹೊಟ್ಟೆಕಿಚ್ಚೇ ಬಂತು, ಏನು ಮಾಡಲಿ.

ಅಲ್ಲಿಂದ ನೇರ ಸಂಜೀವನ ಮನೆಗೆ ಹೋಗಿ ನೆಲದ ಮೇಲೆ ಕೂತೆ. ಅವನ ಹೆಂಡತಿಯ ಹೆಸರು ಶಾಂತಾ. ಅವನ ಬಾಯಿಂದ ಕೇಳಿಯೇ ತಿಳಿದುಕೊಂಡೆ. ಸಂಜೆ ಸುನೀತಾಗೆ ಫೋನು ಹಚ್ಚಿ, ನಿನ್ನ ಮಂದಿಯನ್ನು ಕರೆದುಕೊಂಡು ಬೇರೆಯಾಗು ಎಂದೆ. ಅವಳು, "ಹಾಡೋರು ಇಬ್ಬರನ್ನ ನಿನಗ ಬಿಡ್ಲೇನು ಕಾಕಾ?" ಎಂದಳು.

"ಬ್ಯಾಡವ್ವಾ, ಎಲ್ಲಾರ್ನೂ ಕರ್ಕೊಂಡ್ಹೋಗು. ಬೀದರದಾಗ ಬೇಸೂರ ಹಾಡಿದ್ರ ನನ್ನ ಹೆಸರು ಕೆಡ್ತದ."

ಹೋದ ಭಾನುವಾರ ಅವರದು ಬೀದರದಲ್ಲಿ ಮೊದಲ ಆರಾಧನೆ, ಅಣ್ಣಾ. ನಿನ್ನ ಮಗಳೇ ನಡೆಸಿದಳು. ಈ ಸುದ್ದಿ ನಿನಗೆ ಮೊದಲು ನನ್ನಿಂದಲೇ ಸಿಗಬೇಕು ಎಂದೇ ಇಷ್ಟು ಬರೆದೆ. ನಾನು ಆ ಬೆಳಿಗ್ಗೆ ರೂಢಿಯಂತೆ ಬಸ್‌ಸ್ಟ್ಯಾಂಡಿಗೆ ಹೋಗಿ ನಿಂತಿದ್ದೆ. ಬೀದರದ ಬಸ್ಸು ಬಂತು. ನಮ್ಮವರು ಒಬ್ಬರೂ ಇಳಿಯಲಿಲ್ಲ. ಕಂಡಕ್ಟರ್ ತಲೆ ಹೊರಗೆ ಹಾಕಿ, "ಏನ್ ಕಾಕಾ, ನಿಮ್ಮ ಮಂದಿ ಜಗಳಾಡಿ ಬಿಟ್ಟು ಹೋತೇನು?" ಎಂದ.

"ಜಗಳ ಯಾಕೋ? ನಾನೇ ಕಳಿಸೀನಿ. ಬೀದರದಾಗ ನಮ್ಮದೇ ಇನ್ನೊಂದು ಆಗ್ಯಾದ" ಎಂದು ಮೀಸೆ ತಿರುವಿದೆ.

"ಹಂಗಾದ್ರ ಹತ್ತರಿ, ವಾಪಸ್ ಹೋಗ್ಲಾಕತ್ತೀನಿ. ನೋಡ್ಕೊಂಡು ಬರ್ರಿ."

ಅಲ್ಲಿ ನನಗಿಂತ ಚೆನ್ನಾಗಿ ನಡೆಯುತ್ತಿದೆಯೋ ಏನೋ ಎಂದು ನೋಡಲು ಕಾಲು ತುಡಿಯುತ್ತಿತ್ತು. ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟೇಬಿಟ್ಟಿದ್ದೆ. ಆಮೇಲೆ ತೆಗೆದೆ. ಇಲ್ಲಿ ಉಳಿದ ಹನ್ನೊಂದು ಮನೆಯವರು ಚರ್ಚಿನ ಮುಂದೆ ಬಂದು ಕೂತಿರುತ್ತಾರೆ, ಬಾಗಿಲ ಕೀಲಿಕೈ ನನ್ನ ಜೇಬಿನಲ್ಲಿತ್ತು.

ನಿನ್ನ ತಮ್ಮ