ಎರಡನೆಯ ಸ್ನಾನ

ಕಾಪು
೧೪ ನವೆಂಬರ್ ೨೦೨೪

ಪ್ರೀತಿಯ ಪ್ರಿಯಂವದಾ,

ಅಮ್ಮನ ಆಶೀರ್ವಾದಗಳು. ಹೇಗಿದ್ದೀ? ಕಾಲಿನ ಬಾವು ಇಳಿಯಿತೇ? ಎಂಟನೇ ತಿಂಗಳಲ್ಲಿ ನಾನೂ ಹಾಗೇ ಊದಿಕೊಂಡಿದ್ದೆ, ಹೆದರಬೇಡ. ಈ ಕಟ್ಟಿನಲ್ಲಿರುವ ಮಿಡಿ ಉಪ್ಪಿನಕಾಯಿ ಅಳಿಯನಿಗೆ, ನೀನು ಕೈ ಹಾಕಬೇಡ. ಫೋನ್ ಇರುವಾಗ ಕಾಗದ ಏಕೆ ಎನ್ನುತ್ತೀ. ಫೋನಿನಲ್ಲಿ ಮಾತಾಡಿದರೆ ನಿನ್ನ ಅಪ್ಪನ ಕಿವಿ ಪಕ್ಕದಲ್ಲೇ ಇರುತ್ತದೆ, ವಿಷಯವೋ ಅವರದ್ದೇ. ಪಕ್ಕದ ಮನೆಯ ರತ್ನಾವತಿ ನಾಳೆ ನಿಮ್ಮ ಮಸ್ಕತ್ತಿಗೇ ಮಗನ ಮನೆಗೆ ಹೊರಟಿದ್ದಾಳೆ, ಅವಳ ಕೈಯಲ್ಲಿ ಕಳಿಸುತ್ತಿದ್ದೇನೆ.

ನಿನ್ನ ತಮ್ಮ ಅನಂತೇಶ ಮಣಿಪಾಲದ ಹಾಸ್ಟೆಲಿಗೆ ಹೋಗುವಾಗ ತನ್ನ ವಿಮಾನದ ಆಟವನ್ನು ಇಲ್ಲೇ ಬಿಟ್ಟುಹೋದ. ಕಂಪ್ಯೂಟರು, ಕೈಗೊಂದು ಹಿಡಿಕೆ, ಮುಖಕ್ಕೆ ಕಟ್ಟುವ ಕಪ್ಪು ಡಬ್ಬಿ. ಅದನ್ನು ಕಟ್ಟಿಕೊಂಡರೆ ವಿಮಾನದೊಳಗೇ ಕೂತ ಹಾಗಂತೆ. ಈಗ ನಿನ್ನ ಅಪ್ಪ ದೇವಸ್ಥಾನದ ಮಧ್ಯಾಹ್ನದ ಪೂಜೆ ಮುಗಿಸಿ, ಉಂಡು, ಆ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಾರೆ. ಮೊಬೈಲಿನಲ್ಲಿ ಪಂಚಾಂಗ ನೋಡಲು ಬಾರದ ಮನುಷ್ಯ! ಅಷ್ಟೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಹೊರಗೆ ಬಂದವರೇ ಬಾವಿಕಟ್ಟೆಗೆ ಹೋಗಿ ತಲೆಗೆ ನೀರು ಹೊಯ್ದುಕೊಳ್ಳುತ್ತಾರೆ. ಬೆಳಗಿನ ಸ್ನಾನ ಆಗಿರುತ್ತದೆ, ಇದು ಎರಡನೆಯದು. ಮೈಲಿಗೆಯಾಗುವಂಥದ್ದು ಆ ಡಬ್ಬಿಯೊಳಗೆ ಏನಿದೆ, ಹೇಳು? ಕೇಳಿದರೆ, "ಎಂತ ಇಲ್ಲ ಮಾರಾಯ್ತಿ, ಸೆಕೆ" ಎಂದರು. ಇಷ್ಟು ವರ್ಷ ಇಲ್ಲದ ಸೆಕೆ!

ಈ ವಯಸ್ಸಿನಲ್ಲಿ ಕೆಟ್ಟ ಚಿತ್ರ ನೋಡುವ ಚಾಳಿ ಹತ್ತಿತೋ ಎಂದು ನನಗೆ ತಳಮಳ. ಅನಂತೇಶನನ್ನು ಕೇಳಿದರೆ ನಗುತ್ತಾನೆ, ಅವನ ಮೇಲೂ ಗುಮಾನಿಯೇ. ಮೊನ್ನೆ ಚಿಲಕ ಸರಿಯಾಗಿ ಬೀಳದೆ ಬಾಗಿಲು ಸಂದು ಬಿಟ್ಟಿತ್ತು. ಡಬ್ಬಿಯೊಳಗೆ ಕಾಣುವುದೆಲ್ಲ ಎದುರಿನ ಕಂಪ್ಯೂಟರಿನಲ್ಲೂ ಕಾಣುತ್ತದೆಂದು ಅವರಿಗೆ ಗೊತ್ತಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ವಿಮಾನ ಬಜಪೆ ನಿಲ್ದಾಣದಿಂದ ಎದ್ದು, ನಮ್ಮ ದೀಪಸ್ತಂಭ ದಾಟಿ ಸಮುದ್ರದ ಮೇಲೆ ಹೋಯಿತು. ದಡ ಮರೆಯಾಗುತ್ತಲೇ ಅವರು ಹಿಡಿಕೆ ಹೊರಳಿಸಿದರು, ವಿಮಾನ ತಿರುಗಿ ಬಂತು. ನಿನ್ನೆಯೂ ಅಷ್ಟೇ. ಆಮೇಲೆ ಬಾವಿಕಟ್ಟೆ.

ಸಮುದ್ರ ದಾಟಿದ ಕೈ ದೇವರನ್ನು ಮುಟ್ಟಬಾರದೆಂಬುದು ನಿನ್ನ ಅಜ್ಜನ ಕಾಲದಿಂದ ನಮ್ಮ ಮನೆಯ ಕಟ್ಟಳೆ. ಹೆರಿಗೆಗೆ ಇಬ್ಬರೂ ಬನ್ನಿ ಎಂದು ನೀನು ಅತ್ತಾಗ, "ಅಮ್ಮ ಬರ್ತಾಳೆ, ನನ್ನನ್ನು ಕರೆಯಬೇಡ" ಎಂದು ಫೋನ್ ಇಟ್ಟವರು ಅವರು. ಸುಳ್ಳು ಸಮುದ್ರಕ್ಕೆ ನಿಜವಾದ ಸ್ನಾನ! ನಗು ಬರಬೇಕಿತ್ತು, ಅಳು ಬಂತು ನನಗೆ. ಆದರೂ ಪೂರ್ತಿ ನಂಬಲಾರೆ. ಹೋಗಿಬಂದೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಇಲ್ಲೇ ಉಳಿಯುವ ಉಪಾಯವೂ ಇರಬಹುದು. ನೀನು ಆಸೆ ಇಟ್ಟುಕೊಳ್ಳಬೇಡ. ನಾನಂತೂ ಬರುತ್ತೇನೆ.

ಅಳಿಯನಿಗೆ ನನ್ನ ನೆನಪು ತಿಳಿಸು. ಹೊಟ್ಟೆಯಲ್ಲಿರುವ ಕಂದನಿಗೆ ಕೃಷ್ಣನ ಕಾವಲಿರಲಿ.

ನಿನ್ನ ಅಮ್ಮ,
ಸುಭಾಷಿಣಿ

ತಾ.ಕ.: ಹೊಲಿದ ಕಟ್ಟನ್ನು ಬಿಚ್ಚಿ ಬರೆಯುತ್ತಿದ್ದೇನೆ. ಇಂದು ವಿಮಾನ ತಿರುಗಲಿಲ್ಲ. ಪರದೆಯಲ್ಲಿ ಮಸ್ಕತ್ತಿನ ಹೆಸರು ಬರುವವರೆಗೂ ಬಾಗಿಲಲ್ಲೇ ನಿಂತಿದ್ದೆ. ಇಳಿದಾದ ಮೇಲೆ ಅಪ್ಪ ಬಾವಿಕಟ್ಟೆಗೆ ಹೋಗಲಿಲ್ಲ. ನಿನ್ನ ಚಿಕ್ಕಪ್ಪನನ್ನು ಕರೆಸಿ, ಗರ್ಭಗುಡಿಯ ಬೀಗದ ಕೈಯನ್ನು ಅವನಿಗೆ ಕೊಟ್ಟರು. ಆಮೇಲೆ ಅಡುಗೆಮನೆಗೆ ಬಂದು, ನನ್ನ ಮುಖ ನೋಡದೆ ಕೇಳಿದರು: "ಡಿಸೆಂಬರಿನಲ್ಲಿ ಅಲ್ಲಿ ಚಳಿ ಉಂಟಾ?"