ಹಗ್ಗಕ್ಕೆ ಸಿಗದ ಅಣ್ಣ

ಮಾಮೊಯಾದಾ, ಸಾರ್ಡಿನಿಯಾ
ಜನವರಿ ಇಪ್ಪತ್ತು

ಪ್ರೀತಿಯ ಗಾವಿನು ಅಣ್ಣಾ,

ಸಂತ ಅಂತೋನಿಯ ಸಾಕ್ಷಿಯಾಗಿ, ಟೊಪ್ಪಿ ತೆಗೆದು ಎದೆಗಿಟ್ಟುಕೊಂಡು ತಪ್ಪೊಪ್ಪಿಕೊಳ್ಳುತ್ತಿದ್ದೇನೆ: ಅಮ್ಮ ನಿನಗೆಂದು ಬಟ್ಟೆ ಮುಚ್ಚಿಟ್ಟಿದ್ದ ಪಪಸ್ಸಿನು ಸಿಹಿಯನ್ನೆಲ್ಲ ತಿಂದವನು ನಾನೇ. ಪಾಲು ನಿನ್ನದು, ಪಾಪ ನನ್ನದು. ಪಶ್ಚಾತ್ತಾಪವೇನೂ ಇಲ್ಲ, ಹೊಟ್ಟೆನೋವು ಮಾತ್ರ ಇದೆ. ಟ್ಯೂರಿನ್‌ಗೆ ಸುಖವಾಗಿ ತಲುಪಿದಿರಾ? ನಿನ್ನ ಮೊಣಕಾಲು ಹೇಗಿದೆ? ಅತ್ತಿಗೆಗೆ ನಮ್ಮ ಬೆಟ್ಟದ ಚಳಿ ತಾಗಲಿಲ್ಲವಷ್ಟೆ? ಹೋಟೆಲಿನಲ್ಲಿ ಹೀಟರ್ ಇತ್ತಲ್ಲ, ತಾಗಿರಲಾರದು.

ನೀನು ಫೋನಿನಲ್ಲಿ ‘ಈ ಸಲ ಸಂತ ಅಂತೋನಿ ಹಬ್ಬಕ್ಕೆ ಬರ್ತೀನಿ’ ಎಂದದ್ದೇ ತಡ, ಹಬ್ಬದ ಕುಣಿತಕ್ಕೆ ಅಪ್ಪ ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದ ಗಂಟೆಗಳನ್ನು ಅಮ್ಮ ಗೋಡೆಯಿಂದ ಇಳಿಸಿದಳು. ತೊಗಲಿನ ಪಟ್ಟಿಗಳಿಗೆ ಕೊಬ್ಬು ಸವರಿದಳು, ಕುರಿ ತುಪ್ಪಳವನ್ನು ಬಿಸಿಲಿಗೆ ಹಾಕಿದಳು, ಕರಿ ಮುಖವಾಡದ ಮೂಗಿನ ಧೂಳನ್ನು ಶಾಲಿನ ತುದಿಯಿಂದ ಒರೆಸಿದಳು, ಮಗುವಿನ ಮೂಗು ಒರೆಸುವ ಹಾಗೆ. ಅಪ್ಪ ಹೋದ ಮೇಲೆ ಆ ಭಾರ ಹೊತ್ತು ಕುಣಿಯಬೇಕಾದವನು ನೀನು. ಗಂಟೆಗಳನ್ನು ಯಾರೂ ತಾವೇ ಕಟ್ಟಿಕೊಳ್ಳಲಾರರು. ಬೆನ್ನಿಗೆ ಮಂಡಿ ಊರಿ ಪಟ್ಟಿ ಬಿಗಿಯಲು ಇನ್ನೊಬ್ಬ ಬೇಕು. ಆ ಇನ್ನೊಬ್ಬ, ಅಂದರೆ ನಿನ್ನ ತಮ್ಮ, ಹಬ್ಬದ ದಿನ ಬೆಳಿಗ್ಗೆಯಿಂದ ಬಾಗಿಲಲ್ಲೇ ನಿಂತಿದ್ದ. ನೀನು ಬಂದೆ, ಆದರೆ ನುವೊರೊ ಪಟ್ಟಣದ ಹೋಟೆಲಿಗೆ! ಹೆಂಡತಿ, ಗೆಳೆಯರು, ಕ್ಯಾಮೆರಾ ಸಮೇತ. ನಂಟು ಬಿಟ್ಟು ನೆಂಟನಾದೆ. ಸುದ್ದಿ ಕೇಳಿ ಅಮ್ಮ ಅಂದದ್ದಿಷ್ಟೇ: ‘ಪಾಪ, ನಮ್ಮನೇಲಿ ಬಿಸಿನೀರು ಸರಿಯಾಗಿ ಬರಲ್ಲ ಅಲ್ವಾ.’ ಆಮೇಲೆ ಹೋಗಿ ತಟ್ಟೆಗೆ ಇನ್ನಷ್ಟು ಪಪಸ್ಸಿನು ಜೋಡಿಸಿದಳು. ಅದನ್ನು ನಾನು ಯಾಕೆ ತಿಂದೆ ಎಂದು ಈಗ ಗೊತ್ತಾಯಿತೇ?

ಹಬ್ಬದ ಮಧ್ಯಾಹ್ನ ಗಂಟೆಯವರ ಸಾಲು ಹೊರಟಿತು. ನಿನ್ನ ಜಾಗ ಖಾಲಿ. ಎಲ್ಲರೂ ಒಟ್ಟಿಗೆ ಹೆಜ್ಜೆ ಹಾಕಿದರೂ ಸದ್ದು ಕುಂಟುತ್ತಿತ್ತು. ಪಕ್ಕದ ಮನೆಯ ಬುಸ್ತಿಯಾನು ಮಾವ ಸುಮ್ಮನಿರುತ್ತಾನೆಯೇ? ‘ಏನೋ ಬಾಕಿಸ್, ನಿಮ್ಮಣ್ಣ ನಮ್ಮನ್ನ ನೋಡೋಕೆ ಟಿಕೆಟ್ ತಗೊಂಡು ಬಂದಿದಾನಂತೆ? ಕೈ ಬೀಸೋಣ್ವಾ, ಇಲ್ಲ ಹಲ್ಲು ಕಿರಿಯೋಣ್ವಾ?’ ಎಂದ. ನಾನು ನಕ್ಕೆ. ಕೆಂಪು ಅಂಗಿ, ಬಿಳಿ ಮುಖವಾಡ ಹಾಕಿ, ಸಾಲಿನ ಜೊತೆ ನಡೆಯುತ್ತಾ ನೋಡುವವರ ಮೇಲೆ ಹಗ್ಗ ಎಸೆದು ಹಿಡಿಯುವ ನನ್ನಂಥ ಹಗ್ಗದವನಿಗೆ ಅದೊಂದು ಅನುಕೂಲ: ನಕ್ಕೆನೋ ಇಲ್ಲವೋ ಯಾರಿಗೂ ತಿಳಿಯುವುದಿಲ್ಲ. ನಿನ್ನ ಮುಂದೆ ಹಾದು ಹೋಗುವಾಗ ನಿನ್ನ ಮಾತು ಕಿವಿಗೆ ಬಿತ್ತು. ಗೆಳೆಯರಿಗೆ ವಿವರಿಸುತ್ತಿದ್ದೆ: ‘ಇಲ್ಲಿನ ಜನ ಇದನ್ನ ತುಂಬಾ ನಂಬ್ತಾರೆ.’ ಇಲ್ಲಿನ ಜನ! ಅಣ್ಣಾ, ನಿನ್ನ ಹೋಟೆಲನ್ನು ಕ್ಷಮಿಸಿಯೇನು, ಆ ಎರಡು ಪದಗಳನ್ನಲ್ಲ.

ನನ್ನ ಹಗ್ಗದ ಗುರಿ ನಿನಗೆ ಗೊತ್ತೇ ಇದೆ. ಆ ದಿನ ಪಾದ್ರಿಯನ್ನು ಹಿಡಿದೆ, ಔಷಧಿ ಅಂಗಡಿಯವನನ್ನು ಹಿಡಿದೆ, ಒಂದು ಬಾಲ್ಕನಿಯ ಹೂಕುಂಡವನ್ನೂ ಹಿಡಿದೆ. ನೀನು ಕೈಗೆಟುಕುವಷ್ಟು ಹತ್ತಿರವಿದ್ದೆ. ಬೇಕೆಂದೇ ಎಸೆಯಲಿಲ್ಲ. ಹಗ್ಗಕ್ಕೆ ಸಿಕ್ಕವನು ಹಿಡಿದವನನ್ನು ತನ್ನ ಮನೆಗೆ ಕರೆದೊಯ್ದು ವೈನ್ ಕುಡಿಸಬೇಕು. ಊರಲ್ಲಿ ಮನೆಯೇ ಇಲ್ಲದವನನ್ನು ಹಿಡಿದು ಏನು ಪ್ರಯೋಜನ? ತಲೆಯೆತ್ತಿ ಮುಂದೆ ನಡೆದೆ. ಊರೆಲ್ಲ ನನ್ನ ಬಿಗುಮಾನವನ್ನು ಮೆಚ್ಚಿತು.

ಅತ್ತಿಗೆಗೆ ನನ್ನ ನಮಸ್ಕಾರ. ಅಮ್ಮನ ಆಶೀರ್ವಾದ ಎಂದಿನಂತೆ ನಿನಗೇ ಒಂದು ಹಿಡಿ ಹೆಚ್ಚು.

ಇಲ್ಲಿನ ಜನರಲ್ಲೊಬ್ಬ,
ನಿನ್ನ ತಮ್ಮ ಬಾಕಿಸ್

ಮರೆತಿದ್ದೆ: ಅಂಚೆಯವಳು ಬಾಗಿಲಲ್ಲಿ ನಿಂತು ಗೊಣಗುತ್ತಿದ್ದಾಳೆ, ಬೇಗ ಹೇಳಿಬಿಡುತ್ತೇನೆ. ನಿನ್ನತ್ತ ಹಗ್ಗ ಎಸೆದೆ, ಅಣ್ಣಾ. ಎರಡು ಸಲ. ಮೊದಲನೆಯದು ದೀಪದ ಕಂಬಕ್ಕೆ ಬಿತ್ತು, ಇನ್ನೊಂದು ನಿನ್ನ ಪಕ್ಕದ ದಪ್ಪ ಗೆಳೆಯನಿಗೆ. ನೀನು ನಗುತ್ತಾ ಅದರ ಫೋಟೊ ತೆಗೆದೆಯಲ್ಲ, ಅದರಲ್ಲಿರುವ ಹಗ್ಗದವನು ನಾನೇ. ಮುಖವಾಡದೊಳಗೆ ಕಣ್ಣು ತುಂಬಿಕೊಂಡು ಏನೂ ಕಾಣುತ್ತಿರಲಿಲ್ಲ. ಅಮ್ಮ ಗಂಟೆಗಳನ್ನು ಇನ್ನೂ ಗೋಡೆಗೆ ಏರಿಸಿಲ್ಲ. ಕಾರ್ನಿವಲ್ ಹಬ್ಬದ ಮಂಗಳವಾರ ಮತ್ತೆ ಸಾಲು ಕಟ್ಟಿ ಹೊರಡುತ್ತೇವೆ. ಗಂಟೆ ಕಟ್ಟಿಕೊಳ್ಳದಿದ್ದರೂ ಪರವಾಗಿಲ್ಲ. ಬಂದು ಸ್ವಲ್ಪ ಹತ್ತಿರ ನಿಂತುಕೋ.